ಅಲ್ಪ ಮಾರ್ಪಾಡಿನ ಮೋಟಾರ್ ಸೈಕಲ್‌ಗೆ ಡೈನೋ ಟ್ಯೂನಿಂಗ್: ವೆಚ್ಚವನ್ನು ಯಾರು ಭರಿಸಬೇಕು?

ದ್ವಿಚಕ್ರ ವಾಹನಗಳ ಬಿಡಿಭಾಗ ವ್ಯಾಪಾರವು ದುರಸ್ತಿಗೆ ಬೇಕಾದ ಸಾಮಗ್ರಿಗಳಿಗಷ್ಟೇ ಸೀಮಿತವಾಗಿದ್ದ ಕಾಲ ಹಿಂದೆ ಸರಿದಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಂದ ಹಿಡಿದು ಜಿಲ್ಲಾ ಕೇಂದ್ರಗಳ ಗ್ಯಾರೇಜುಗಳವರೆಗೆ ಸೈಲೆನ್ಸರ್, ಹೆಚ್ಚು ಗಾಳಿ ಬಿಡುವ ಏರ್ ಫಿಲ್ಟರ್, ಸ್ಪ್ರಾಕೆಟ್ ಮುಂತಾದ ಬದಲಿ ಭಾಗಗಳಿಗೆ ಪ್ರತ್ಯೇಕವಾದ ಗ್ರಾಹಕ ವರ್ಗವೇ ಇದೆ. ಈ ಭಾಗಗಳನ್ನು ಕೊಂಡ ಗ್ರಾಹಕನು ಮುಂದೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಇನ್ನು ಗಾಡಿಯನ್ನು ಡೈನೋ ಮೇಲೆ ಟ್ಯೂನ್ ಮಾಡಿಸಲೇಬೇಕೇ?"

ಪ್ರಶ್ನೆ ಗ್ರಾಹಕನದಾದರೂ ಉತ್ತರದ ಹೊಣೆ ವರ್ತಕ ಮತ್ತು ತಯಾರಕರದು. ಬೇಕಿಲ್ಲದ ಸೇವೆಯನ್ನು ಮಾರಿದರೆ ಗ್ರಾಹಕನ ವಿಶ್ವಾಸ ಹೋಗುತ್ತದೆ. ಬೇಕಿದ್ದ ಪರೀಕ್ಷೆಯನ್ನು ಕೈಬಿಟ್ಟರೆ ಎಂಜಿನ್ ಹಾಳಾಗುವ ಸಂಭವವಿರುತ್ತದೆ. ಪರೀಕ್ಷೆಯೇ ಇಲ್ಲದೆ "ಶೇ. 10ರಷ್ಟು ಹೆಚ್ಚು ಶಕ್ತಿ" ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಿದರೆ ಕಾನೂನಿನ ತೊಡಕು ಎದುರಾಗುತ್ತದೆ. ಆದ್ದರಿಂದ ಈ ವಿಷಯವನ್ನು ತಾಂತ್ರಿಕ ಮತ್ತು ವಾಣಿಜ್ಯ ಎರಡೂ ದೃಷ್ಟಿಗಳಿಂದ ಪರಿಶೀಲಿಸುವುದು ಅಗತ್ಯ.

ಡೈನೋ ಎಂದರೇನು?

ಡೈನಮೋಮೀಟರ್ ಎಂಬುದರ ಸಂಕ್ಷಿಪ್ತ ರೂಪವೇ ಡೈನೋ. ಎಂಜಿನ್ ಉತ್ಪಾದಿಸುವ ತಿರುಗುಬಲವನ್ನು, ಅಂದರೆ ಟಾರ್ಕನ್ನು ಅಳೆಯುವ ಸಾಧನವಿದು. ಫ್ರಾನ್ಸಿನ ಎಂಜಿನಿಯರ್ ಗ್ಯಾಸ್ಪಾರ್ ದ ಪ್ರೋನಿ 1821ರಲ್ಲಿ ಮರದ ಬ್ರೇಕ್ ಹಾಗೂ ಸನ್ನೆಯ ಸಹಾಯದಿಂದ ಇಂತಹ ಸಾಧನವೊಂದನ್ನು ರೂಪಿಸಿದನು. ಇಂಗ್ಲೆಂಡಿನ ವಿಲಿಯಂ ಫ್ರೌಡ್ 1877ರಲ್ಲಿ ನೀರಿನ ತಡೆಯನ್ನು ಬಳಸುವ ಡೈನಮೋಮೀಟರನ್ನು ರಚಿಸಿದನು. ತತ್ತ್ವ ಅಂದಿನಿಂದ ಬದಲಾಗಿಲ್ಲ. ಎಂಜಿನ್‌ಗೆ ಒಂದು ತಡೆಯನ್ನೊಡ್ಡಿ, ಅದನ್ನು ಎದುರಿಸಲು ಎಂಜಿನ್ ಎಷ್ಟು ಬಲವನ್ನು ಪ್ರಯೋಗಿಸುತ್ತದೆ ಎಂಬುದನ್ನು ಅಳೆಯುವುದೇ ಆ ತತ್ತ್ವ.

ಮೋಟಾರ್ ಸೈಕಲ್‌ಗಳಿಗೆ ಬಳಸುವ ಡೈನೋಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಜಡತ್ವದ ಡೈನೋ. ಇದರಲ್ಲಿ ಹಿಂದಿನ ಚಕ್ರವು ಭಾರವಾದ ಉಕ್ಕಿನ ಡ್ರಮ್ಮೊಂದನ್ನು ತಿರುಗಿಸುತ್ತದೆ. ಡ್ರಮ್ ಎಷ್ಟು ಬೇಗ ವೇಗ ಪಡೆಯುತ್ತದೆ ಎಂಬುದರಿಂದ ಶಕ್ತಿಯನ್ನು ಲೆಕ್ಕ ಹಾಕಲಾಗುತ್ತದೆ. ಎರಡನೆಯದು ಬ್ರೇಕ್ ಡೈನೋ. ಇದರಲ್ಲಿ ವಿದ್ಯುತ್ಕಾಂತೀಯ ತಡೆಯೊಂದು ಚಕ್ರವನ್ನು ಬೇಕಾದ ವೇಗದಲ್ಲಿ ಹಿಡಿದು ನಿಲ್ಲಿಸಬಲ್ಲದು. ಮೊದಲನೆಯದರಲ್ಲಿ ಪೂರ್ಣ ಥ್ರಾಟಲ್‌ನ ಅಳತೆ ಸುಲಭ. ಎರಡನೆಯದರಲ್ಲಿ ಕಾಲು ಅಥವಾ ಅರ್ಧ ಥ್ರಾಟಲ್‌ನ ಸ್ಥಿತಿಯನ್ನೂ ನೆಲೆಯಾಗಿ ನಿಲ್ಲಿಸಿ ಪರೀಕ್ಷಿಸಬಹುದು. ಈ ವ್ಯತ್ಯಾಸ ಮುಂದಿನ ಚರ್ಚೆಗೆ ಬಹು ಮುಖ್ಯವಾದುದು.

ಟಾರ್ಕ್ ಮತ್ತು ಶಕ್ತಿಯ ಸಂಬಂಧ ಸರಳವಾದುದು. ನ್ಯೂಟನ್ ಮೀಟರ್‌ನಲ್ಲಿರುವ ಟಾರ್ಕನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಲೆಕ್ಕದಲ್ಲಿ ಶಕ್ತಿ ದೊರೆಯುತ್ತದೆ. ಒಂದು ಅಶ್ವಶಕ್ತಿಯೆಂದರೆ 0.746 ಕಿಲೋವ್ಯಾಟ್. ಎರಡನ್ನೂ ತೋರಿಸುವ ಡೈನೋ ನಕ್ಷೆ ಈ ಲೆಕ್ಕಕ್ಕೆ ಹೊಂದದಿದ್ದರೆ ಅದನ್ನು ಸಂಶಯದಿಂದ ನೋಡಬೇಕು.

ಒಂದು ಉದಾಹರಣೆ

ಮಾರುಕಟ್ಟೆಯಲ್ಲಿ ಬದಲಿ ಭಾಗಗಳಿಗೆ ಹೆಚ್ಚು ಬೇಡಿಕೆಯಿರುವ ಗಾಡಿಗಳಲ್ಲಿ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಒಂದು. 2018ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ಗಾಡಿಯದು 648 ಸಿ.ಸಿ.ಯ ಎರಡು ಸಿಲಿಂಡರ್‌ಗಳ ಎಂಜಿನ್. ಕಂಪನಿ ಪ್ರಕಟಿಸಿದ ಗರಿಷ್ಠ ಶಕ್ತಿ ಸುಮಾರು 47 ಅಶ್ವಶಕ್ತಿ, ಗರಿಷ್ಠ ಟಾರ್ಕ್ ಸುಮಾರು 52 ನ್ಯೂಟನ್ ಮೀಟರ್. ಇವು ಎಂಜಿನ್ನಿನ ಕ್ರ್ಯಾಂಕ್‌ನಲ್ಲಿನ ಅಳತೆಗಳು. ಗೇರ್‌ಬಾಕ್ಸ್, ಚೈನ್ ಮತ್ತು ಟೈರ್‌ಗಳನ್ನು ದಾಟಿ ಹಿಂದಿನ ಚಕ್ರಕ್ಕೆ ಬರುವಷ್ಟರಲ್ಲಿ ಶೇ. 10ರಿಂದ 15ರಷ್ಟು ನಷ್ಟವಾಗುವುದು ಸಾಮಾನ್ಯ. ಹೀಗಾಗಿ ಹೊಸ ಗಾಡಿಯೇ ಡೈನೋ ಮೇಲೆ 40 ಅಶ್ವಶಕ್ತಿಯ ಆಸುಪಾಸು ತೋರಿಸಿದರೆ ಅದರಲ್ಲಿ ದೋಷವೇನೂ ಇಲ್ಲ. ಇದನ್ನರಿಯದ ಗ್ರಾಹಕನು "ಏಳು ಅಶ್ವಶಕ್ತಿ ಎಲ್ಲಿ ಹೋಯಿತು?" ಎಂದು ಗಾಬರಿಗೊಳ್ಳುವುದುಂಟು. ಆ ಗಾಬರಿಯನ್ನೇ ಬಂಡವಾಳ ಮಾಡಿಕೊಂಡು ಟ್ಯೂನಿಂಗ್ ಮಾರುವವರೂ ಉಂಟು.

ಈ ಗಾಡಿಗೆ ಎರಡು ಬದಲಿ ಸೈಲೆನ್ಸರ್‌ಗಳನ್ನೂ ಹೆಚ್ಚು ಗಾಳಿ ಬಿಡುವ ಫಿಲ್ಟರನ್ನೂ ಅಳವಡಿಸಲಾಗಿದೆ ಎಂದಿಟ್ಟುಕೊಳ್ಳೋಣ. ಎಂಜಿನ್ನಿನ ಒಳಭಾಗವನ್ನು, ಅಂದರೆ ಕ್ಯಾಮ್, ಪಿಸ್ಟನ್, ಕಂಪ್ರೆಶನ್ ಯಾವುದನ್ನೂ ಮುಟ್ಟಿಲ್ಲ. ಇದೇ "ಅಲ್ಪ ಮಾರ್ಪಾಡು". ಇದರಿಂದ ಎಂಜಿನ್ ಉಸಿರಾಡುವ ಗಾಳಿಯ ಪ್ರಮಾಣ ಹೆಚ್ಚಿನ ವೇಗದಲ್ಲಿ ಸ್ವಲ್ಪ ಹೆಚ್ಚುತ್ತದೆ, ಕಡಿಮೆ ವೇಗದಲ್ಲಿ ಬಹುತೇಕ ಹಾಗೆಯೇ ಉಳಿಯುತ್ತದೆ. ಉಳಿಯುವ ಪ್ರಶ್ನೆಯೆಂದರೆ, ಆ ಹೆಚ್ಚಿನ ಗಾಳಿಗೆ ತಕ್ಕ ಪೆಟ್ರೋಲ್ ದೊರೆಯುತ್ತಿದೆಯೇ ಎಂಬುದು.

ಮಿಶ್ರಣದ ಲೆಕ್ಕ

ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು. ಈ ಸಮತೋಲದ ಸ್ಥಿತಿಯನ್ನು ತಂತ್ರಜ್ಞರು ಲ್ಯಾಂಬ್ಡಾ 1 ಎನ್ನುತ್ತಾರೆ. ಗಾಳಿ ಇದಕ್ಕಿಂತ ಹೆಚ್ಚಾದರೆ ಮಿಶ್ರಣ ತೆಳುವಾಯಿತೆಂದೂ ಕಡಿಮೆಯಾದರೆ ಗಾಢವಾಯಿತೆಂದೂ ಅರ್ಥ. ಹೆಚ್ಚಿನ ಶಕ್ತಿ ದೊರೆಯುವುದು ಸ್ವಲ್ಪ ಗಾಢ ಮಿಶ್ರಣದಲ್ಲಿ, ಅಂದರೆ ಲ್ಯಾಂಬ್ಡಾ 0.86ರಿಂದ 0.90ರ ಸುಮಾರಿನಲ್ಲಿ.

ಫ್ಯೂಯಲ್ ಇಂಜೆಕ್ಷನ್ ಇರುವ ಇಂದಿನ ಗಾಡಿಗಳಲ್ಲಿ ಇ.ಸಿ.ಯು. ಎಂಬ ಚಿಕ್ಕ ಕಂಪ್ಯೂಟರ್ ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುತ್ತದೆ. ಸಮವೇಗದ ಸವಾರಿಯಲ್ಲಿ ಹೊಗೆಕೊಳವೆಯಲ್ಲಿರುವ ಆಮ್ಲಜನಕ ಸೆನ್ಸರ್ ನೀಡುವ ಸೂಚನೆಯಂತೆ ಇ.ಸಿ.ಯು. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಆದುದರಿಂದ ಅಲ್ಪ ಮಾರ್ಪಾಡಿನ ನಂತರವೂ ಈ ಸ್ಥಿತಿಯಲ್ಲಿ ಮಿಶ್ರಣ ಸರಿಯಾಗಿಯೇ ಉಳಿಯುತ್ತದೆ. ಎಕ್ಸಲರೇಟರನ್ನು ಪೂರ್ತಿ ತಿರುಗಿಸಿದಾಗ ಮಾತ್ರ ಇ.ಸಿ.ಯು. ಸೆನ್ಸರಿನ ಮಾತನ್ನು ಬದಿಗಿರಿಸಿ ಕಾರ್ಖಾನೆಯಲ್ಲಿ ಬರೆದಿಟ್ಟ ಕೋಷ್ಟಕದಂತೆ ನಡೆಯುತ್ತದೆ. ಗಾಳಿ ಹೆಚ್ಚಿದ್ದು ಆ ಕೋಷ್ಟಕಕ್ಕೆ ತಿಳಿಯದಿದ್ದರೆ ಮಿಶ್ರಣ ತೆಳುವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಗರಿಷ್ಠ ಶಕ್ತಿಯ ಆಸುಪಾಸಿನಲ್ಲಿ ಮಿಶ್ರಣ ಮತ್ತು ಶಕ್ತಿಯ ಸಂಬಂಧದ ರೇಖೆ ಗುಡ್ಡದ ನೆತ್ತಿಯಂತೆ ಚಪ್ಪಟೆಯಾಗಿರುತ್ತದೆ. ಕಾರ್ಖಾನೆಯ ಕೋಷ್ಟಕದಲ್ಲಿ ಲ್ಯಾಂಬ್ಡಾ 0.88 ಇದ್ದು, ಗಾಳಿ ಶೇ. 3ರಷ್ಟು ಹೆಚ್ಚಿ ಅದು 0.91 ಆಯಿತೆಂದರೆ ಶಕ್ತಿಯಲ್ಲಾಗುವ ನಷ್ಟ ಅತ್ಯಲ್ಪ. ಹೊಸ ಸೈಲೆನ್ಸರಿನಿಂದ ಬಂದ ಲಾಭ ಹೆಚ್ಚುಕಡಿಮೆ ಟ್ಯೂನಿಂಗ್ ಇಲ್ಲದೆಯೇ ಬಂದಿರುತ್ತದೆ. ಟ್ಯೂನಿಂಗಿನಿಂದ ಮತ್ತೆ ಸೇರುವುದು ಶೇ. 1 ಅಥವಾ 2 ಮಾತ್ರ. ಅದೇ ಕೋಷ್ಟಕ ಮೊದಲೇ ತೆಳುವಾಗಿದ್ದು, ಅದರ ಮೇಲೆ ಗಾಳಿಯೂ ಬಹಳ ಹೆಚ್ಚಿದರೆ ಗುಡ್ಡದ ಇಳಿಜಾರು ಆರಂಭವಾಗುತ್ತದೆ. ಆಗ ಶಕ್ತಿ ಕುಗ್ಗುವುದಲ್ಲದೆ ಶಾಖ ಏರಿ, ಎಂಜಿನ್ ಬಡಿಯತೊಡಗಿ, ವಾಲ್ವ್ ಮತ್ತು ಪಿಸ್ಟನ್‌ಗಳಿಗೆ ಅಪಾಯ ಒದಗುತ್ತದೆ. ಅಂದರೆ ಅಲ್ಪ ಮಾರ್ಪಾಡಿನ ಗಾಡಿಗೆ ಡೈನೋದಿಂದ ಆಗುವ ನಿಜವಾದ ಪ್ರಯೋಜನ ಶಕ್ತಿಯನ್ನು ಹೆಚ್ಚಿಸುವುದಲ್ಲ, ಮಿಶ್ರಣ ಸುರಕ್ಷಿತವಾಗಿದೆ ಎಂಬುದನ್ನು ಖಚಿತಪಡಿಸುವುದು.

ಹಳೆಯ ತಲೆಮಾರಿನ ಮೆಕ್ಯಾನಿಕ್‌ಗಳಿಗೆ ಇದು ಹೊಸದೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳನ್ನೂ ಯಮಾಹಾ ಆರ್‌ಎಕ್ಸ್ 100ನ್ನೂ ಪಳಗಿಸಿದವರು ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ಕಾರ್ಬ್ಯುರೇಟರಿನ ಜೆಟ್ ಬದಲಿಸುತ್ತಿದ್ದರು. ಪ್ಲಗ್ ಬೆಳ್ಳಗಿದ್ದರೆ ತೆಳು, ಕಪ್ಪು ಮಸಿ ಹಿಡಿದಿದ್ದರೆ ಗಾಢ. ಡೈನೋ ಮತ್ತು ವೈಡ್‌ಬ್ಯಾಂಡ್ ಸೆನ್ಸರ್ ಇದೇ ಕೆಲಸವನ್ನು ಅಂಕಿಗಳಲ್ಲಿ ಮಾಡುತ್ತವೆ.

ಇ-20 ಇಂಧನದ ಹೊಸ ಸಮಸ್ಯೆ

ಶೇ. 20 ಎಥನಾಲ್ ಬೆರೆಸಿದ ಇ-20 ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಭಾರತ ಇಂಧನ ಸಪ್ತಾಹದಲ್ಲಿ ಬಿಡುಗಡೆ ಮಾಡಲಾಯಿತು. 2025ರ ವೇಳೆಗೆ ಅದು ದೇಶದಾದ್ಯಂತ ಸಾಮಾನ್ಯ ಪೆಟ್ರೋಲ್ ಆಗಿ ಪರಿಣಮಿಸಿತು. ಎಥನಾಲ್ ತನ್ನಲ್ಲಿಯೇ ಆಮ್ಲಜನಕವನ್ನು ಹೊಂದಿರುವುದರಿಂದ ಅದಕ್ಕೆ ಬೇಕಾದ ಗಾಳಿ ಕಡಿಮೆ: ಒಂದು ಪಾಲಿಗೆ ಸುಮಾರು 9 ಪಾಲು. ಈ ಲೆಕ್ಕದಂತೆ ಸಮತೋಲದ ಪ್ರಮಾಣವು ಶೇ. 10 ಎಥನಾಲ್ ಇರುವ ಪೆಟ್ರೋಲಿಗೆ ಸುಮಾರು 14.1, ಇ-20 ಪೆಟ್ರೋಲಿಗೆ ಸುಮಾರು 13.5 ಆಗುತ್ತದೆ.

ಇದರ ಪರಿಣಾಮ ಸ್ಪಷ್ಟ. ಶೇ. 10 ಮಿಶ್ರಣಕ್ಕೆ ಹೊಂದಿಸಿದ ಕೋಷ್ಟಕಕ್ಕೆ ಇ-20 ತುಂಬಿಸಿದರೆ ಪೂರ್ಣ ಥ್ರಾಟಲ್‌ನಲ್ಲಿ ಮಿಶ್ರಣ ಸುಮಾರು ಶೇ. 4ರಷ್ಟು ತೆಳುವಾಗುತ್ತದೆ. ಬದಲಿ ಸೈಲೆನ್ಸರಿನಿಂದ ಆಗುವ ಬದಲಾವಣೆಯಷ್ಟೇ ದೊಡ್ಡ ಬದಲಾವಣೆಯಿದು. ಎರಡೂ ಒಟ್ಟಿಗೆ ಕೂಡಿದರೆ ಉದಾಹರಣೆಯ 0.88 ಎಂಬುದು 0.94ರ ಮೇಲಕ್ಕೆ ಹೋಗುತ್ತದೆ. ಇ-20 ಬರುವುದಕ್ಕಿಂತ ಹಿಂದೆ ತಯಾರಾದ ಗಾಡಿಗೆ ಸೈಲೆನ್ಸರ್ ಮತ್ತು ಫಿಲ್ಟರ್ ಮಾರುವ ವರ್ತಕರು ಈ ಅಂಶವನ್ನು ಮರೆಯಬಾರದು. ಹಳೆಯ ಇಂಧನದ ಕಾಲದಲ್ಲಿ ಸಿದ್ಧಪಡಿಸಿದ ಟ್ಯೂನಿಂಗ್ ಕೋಷ್ಟಕಗಳನ್ನು ಮರುಪರೀಕ್ಷೆ ಮಾಡದೆ ಈಗಲೂ ಮಾರುವುದು ಸರಿಯಾದ ಕ್ರಮವಲ್ಲ.

ಅಳತೆಯ ಮಿತಿಗಳು

ಡೈನೋದ ಅಂಕಿಯನ್ನು ತಕ್ಕಡಿಯ ಅಂಕಿಯಂತೆ ಅಂತಿಮ ಸತ್ಯವೆಂದು ತಿಳಿಯುವವರು ಬಹಳ. ವಾಸ್ತವದಲ್ಲಿ ಒಂದೇ ಗಾಡಿಯನ್ನು ಒಂದೇ ಡೈನೋ ಮೇಲೆ ಬೆನ್ನುಬೆನ್ನಿಗೆ ಓಡಿಸಿದರೂ ಶೇ. 1ರಿಂದ 2ರಷ್ಟು ವ್ಯತ್ಯಾಸ ಕಾಣುವುದು ಸಹಜ. 40 ಅಶ್ವಶಕ್ತಿಗೆ ಇದು ಅರ್ಧದಿಂದ ಮುಕ್ಕಾಲು ಅಶ್ವಶಕ್ತಿ. ಎಂಜಿನ್ನಿನ ಶಾಖ, ಟೈರಿನ ಗಾಳಿಯೊತ್ತಡ, ಗಾಡಿಯನ್ನು ಕಟ್ಟಿದ ಪಟ್ಟಿಗಳ ಬಿಗಿ, ಫ್ಯಾನಿನ ಗಾಳಿ ಇವೆಲ್ಲವೂ ಇದಕ್ಕೆ ಕಾರಣಗಳು. ಹೀಗಿರುವಾಗ ಒಂದೇ ಓಟದ ಆಧಾರದ ಮೇಲೆ "ಒಂದು ಅಶ್ವಶಕ್ತಿ ಹೆಚ್ಚಿತು" ಎನ್ನುವುದು ನಿಲ್ಲುವ ಮಾತಲ್ಲ.

ಇನ್ನೊಂದು ಅಂಶ ಹವಾಮಾನ ತಿದ್ದುಪಡಿಯದು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುವಿನ ಒತ್ತಡ ಕರಾವಳಿಯ ಮಂಗಳೂರಿಗಿಂತ ಸುಮಾರು ಶೇ. 10ರಷ್ಟು ಕಡಿಮೆ. ಅದೇ ಗಾಡಿ ಬೆಂಗಳೂರಿನಲ್ಲಿ ಸುಮಾರು ಅಷ್ಟೇ ಪ್ರಮಾಣದಲ್ಲಿ ಕಡಿಮೆ ಶಕ್ತಿ ನೀಡುತ್ತದೆ. ಊರೂರಿನ ಅಂಕಿಗಳನ್ನು ಹೋಲಿಸಲು ಡೈನೋದ ತಂತ್ರಾಂಶವು ಅಳತೆಯನ್ನು ಒಂದು ನಿಗದಿತ ಹವೆಗೆ ಹೊಂದಿಸುತ್ತದೆ. ಈ ಹೊಂದಾಣಿಕೆಗೆ ಹಲವು ಮಾನಕಗಳಿವೆ. ಎಸ್‌ಎಇ ಜೆ-1349 ಎಂಬ ಮಾನಕವು 25 ಡಿಗ್ರಿ ಸೆಲ್ಸಿಯಸ್ ಮತ್ತು 99 ಕಿಲೋಪ್ಯಾಸ್ಕಲ್ ಒತ್ತಡದ ಒಣಹವೆಯನ್ನು ಆಧರಿಸಿದೆ. ಹಳೆಯದಾದ ಜೆ-607 ಮಾನಕವು ಇನ್ನೂ ತಂಪಾದ, ಹೆಚ್ಚು ಒತ್ತಡದ ಹವೆಯನ್ನು ಆಧರಿಸಿದ್ದು, ಅದರಂತೆ ಬರುವ ಅಂಕಿ ಸುಮಾರು ಶೇ. 4ರಷ್ಟು ಹೆಚ್ಚಿರುತ್ತದೆ. ಅಂದರೆ ಗಾಡಿಯ ಒಂದು ಬೋಲ್ಟನ್ನೂ ಮುಟ್ಟದೆ, ತಂತ್ರಾಂಶದಲ್ಲಿ ಮಾನಕವನ್ನು ಬದಲಿಸಿದ ಮಾತ್ರಕ್ಕೆ 40 ಅಶ್ವಶಕ್ತಿ 41.6 ಆಗಿ ಕಾಣುತ್ತದೆ. ಸೈಲೆನ್ಸರ್, ಫಿಲ್ಟರ್, ಟ್ಯೂನಿಂಗ್ ಮೂರೂ ಸೇರಿ ತಂದುಕೊಡುವ ಲಾಭವೂ ಬಹುತೇಕ ಇಷ್ಟೇ ಎಂಬುದನ್ನು ನೆನೆದರೆ ಈ ಅಂಶದ ಮಹತ್ವ ತಿಳಿಯುತ್ತದೆ.

ಗ್ರಾಹಕನ ದೃಷ್ಟಿಯಿಂದ ಲಾಭ-ನಷ್ಟ

ಲೆಕ್ಕದ ಅನುಕೂಲಕ್ಕಾಗಿ ಒಂದು ಗಾಡಿಯ ಡೈನೋ ಟ್ಯೂನಿಂಗಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಬಹುದು. ಇಂಧನ ಉಳಿತಾಯದಿಂದ ಈ ಹಣ ಮರಳುವುದೇ? ಗಾಡಿ ಲೀಟರಿಗೆ 25 ಕಿಲೋಮೀಟರ್ ಓಡುತ್ತದೆ, ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಟ್ಯೂನಿಂಗಿನಿಂದ ಶೇ. 4ರಷ್ಟು ಇಂಧನ ಉಳಿಯುತ್ತದೆ ಎಂದು ಭಾವಿಸಿದರೂ ಹಣ ಮರಳಲು 62,500 ಕಿಲೋಮೀಟರ್ ಓಡಬೇಕು. ಸಮವೇಗದಲ್ಲಿ ಇ.ಸಿ.ಯು. ತಾನೇ ಮಿಶ್ರಣವನ್ನು ಸರಿಪಡಿಸಿಕೊಳ್ಳುವುದರಿಂದ ಅಷ್ಟು ಉಳಿತಾಯವೂ ಆಗದು. ಓಟ ನಯವಾಗಲೆಂದು ಮಿಶ್ರಣವನ್ನು ಗಾಢಗೊಳಿಸಿದರಂತೂ ಮೈಲೇಜ್ ಇಳಿಯುತ್ತದೆ. ಇಂಧನ ಉಳಿತಾಯದ ಹೆಸರಿನಲ್ಲಿ ಡೈನೋ ಟ್ಯೂನಿಂಗ್ ಮಾರುವುದು ಪ್ರಾಮಾಣಿಕವಲ್ಲ.

ಶಕ್ತಿಯ ಲೆಕ್ಕವೂ ಹೀಗೆಯೇ. ನಗರದ ಸವಾರಿಯಲ್ಲಿ ಎಂಜಿನ್ ಹೆಚ್ಚಾಗಿ 3,000ರಿಂದ 4,000 ಸುತ್ತುಗಳಲ್ಲಿರುತ್ತದೆ, ಥ್ರಾಟಲ್ ಕಾಲುಭಾಗವೂ ತೆರೆದಿರುವುದಿಲ್ಲ. ಗರಿಷ್ಠ ಶಕ್ತಿ ದೊರೆಯುವುದು 7,000 ಸುತ್ತುಗಳ ಮೇಲೆ. ಗ್ರಾಹಕನಿಗೆ ಗಾಡಿ ಚುರುಕಾಗುವುದಷ್ಟೇ ಬೇಕಿದ್ದರೆ ಅದಕ್ಕೆ ಅಗ್ಗದ ದಾರಿಗಳಿವೆ. ಮುಂದಿನ ಸ್ಪ್ರಾಕೆಟ್ಟಿನಲ್ಲಿ 15 ಹಲ್ಲಿನ ಬದಲು 14 ಹಲ್ಲಿನದನ್ನು ಹಾಕಿದರೆ ಪ್ರತಿ ಗೇರಿನಲ್ಲಿಯೂ ಹಿಂದಿನ ಚಕ್ರದ ಎಳೆತ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ಅಷ್ಟೇ ಪ್ರಮಾಣದಲ್ಲಿ ಹೆಚ್ಚು ಸುತ್ತು ತಿರುಗುವುದು ಇದಕ್ಕೆ ತೆರುವ ಬೆಲೆ.

ಹಾಗಾದರೆ ಒಬ್ಬ ಗ್ರಾಹಕನಿಗೆ ಡೈನೋ ಯಾವಾಗ ಉಪಯುಕ್ತ? ಮೂರು ಸಂದರ್ಭಗಳನ್ನು ಹೇಳಬಹುದು. ಒಂದು, ಆತನ ಗಾಡಿಯಲ್ಲಿರುವ ಭಾಗಗಳ ಜೋಡಣೆಗೆ ಪರೀಕ್ಷಿತ ಸಿದ್ಧ ಕೋಷ್ಟಕ ದೊರೆಯದಿದ್ದಾಗ. ಎರಡು, ಗಾಡಿ ಕಡಿಮೆ ವೇಗದಲ್ಲಿ ಎಳೆದೆಳೆದು ಓಡುವುದು, ಸೈಲೆನ್ಸರಿನಲ್ಲಿ ಸಿಡಿಯುವುದು, ಅತಿಯಾಗಿ ಬಿಸಿಯಾಗುವುದು ಮುಂತಾದ ದೋಷ ತೋರಿದಾಗ. ಮೂರು, ಮುಂದೆ ಕ್ಯಾಮ್ ಅಥವಾ ದೊಡ್ಡ ಪಿಸ್ಟನ್ ಹಾಕುವ ಉದ್ದೇಶವಿದ್ದಾಗ. ಎರಡನೆಯ ಸಂದರ್ಭದಲ್ಲಿ ಬ್ರೇಕ್ ಡೈನೋ ಇರುವಲ್ಲಿಗೇ ಕಳುಹಿಸಬೇಕು. ಪೂರ್ಣ ಥ್ರಾಟಲ್‌ನಲ್ಲಿ ನಾಲ್ಕು ಓಟ ಓಡಿಸಿ ನಕ್ಷೆ ಮುದ್ರಿಸಿಕೊಡುವುದರಿಂದ ಕಾಲು ಥ್ರಾಟಲ್‌ನ ತೊಂದರೆ ಪರಿಹಾರವಾಗದು. ಕೇವಲ ಸೈಲೆನ್ಸರ್ ಬದಲಿಸಿದವನಿಗಾದರೋ ಡೈನೋ ಟ್ಯೂನಿಂಗ್ ಸಾಮಾನ್ಯವಾಗಿ ಅನಗತ್ಯ.

ತಯಾರಕನ ದೃಷ್ಟಿಯಿಂದ

ಇದೇ ಪ್ರಶ್ನೆಯನ್ನು ತಯಾರಕನ ಸ್ಥಾನದಲ್ಲಿ ನಿಂತು ನೋಡಿದರೆ ಉತ್ತರ ತಲೆಕೆಳಗಾಗುತ್ತದೆ. ಸೈಲೆನ್ಸರ್ ತಯಾರಿಸುವ ಚಿಕ್ಕ ಘಟಕವೊಂದು ಒಂದು ಮಾದರಿಯ ಗಾಡಿಗೆ ನಾಲ್ಕು ಬಾರಿ ಡೈನೋ ಪರೀಕ್ಷೆ ನಡೆಸಿ 40,000 ರೂಪಾಯಿ, ತಂತ್ರಜ್ಞರ ಸಮಯಕ್ಕೆ 20,000 ರೂಪಾಯಿ, ಒಟ್ಟು 60,000 ರೂಪಾಯಿ ವೆಚ್ಚ ಮಾಡಿತೆಂದು ಭಾವಿಸಬಹುದು. ಆ ಮಾದರಿಯ 400 ಸೈಲೆನ್ಸರ್‌ಗಳು ಮಾರಾಟವಾದರೆ ಒಂದಕ್ಕೆ ತಗಲುವ ಪರೀಕ್ಷಾ ವೆಚ್ಚ 150 ರೂಪಾಯಿ ಮಾತ್ರ. ಅದೇ 400 ಗ್ರಾಹಕರು ತಲಾ 10,000 ರೂಪಾಯಿ ತೆತ್ತರೆ ಒಟ್ಟು 40 ಲಕ್ಷ ರೂಪಾಯಿ. ಒಂದೇ ಮಾದರಿಯ ಗಾಡಿ, ಒಂದೇ ಸೈಲೆನ್ಸರ್, ಒಂದೇ ಇಂಧನ ಆದಾಗ ಒಮ್ಮೆ ಸರಿಯಾಗಿ ಅಳೆದದ್ದು ಉಳಿದವಕ್ಕೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ಇಲ್ಲಿಯೇ ವ್ಯಾಪಾರದ ಅವಕಾಶವೂ ಇದೆ. ಪರೀಕ್ಷೆ ಮಾಡಿದ ತಯಾರಕನು ಗ್ರಾಹಕನಿಗೆ ಮೂರು ವಿಷಯಗಳನ್ನು ಖಚಿತವಾಗಿ ಹೇಳಬಲ್ಲನು: ಈ ಭಾಗ ಹಾಕಿದಾಗ ಮಿಶ್ರಣ ಎಲ್ಲಿ ನಿಲ್ಲುತ್ತದೆ, ಬೇರೆ ಹೊಂದಾಣಿಕೆ ಬೇಕೇ ಬೇಡವೇ, ಬೇಕಾದರೆ ಯಾವುದು. ಹೊಂದಾಣಿಕೆ ಬೇಕಾದಲ್ಲಿ ಮೂಲ ಇ.ಸಿ.ಯು.ಗೆ ಜೋಡಿಸುವ ಸಾಧನಗಳು ದೊರೆಯುತ್ತವೆ. ಅಮೆರಿಕದ ಡೈನೋಜೆಟ್ ಸಂಸ್ಥೆಯ ಪವರ್ ಕಮಾಂಡರ್, ಬೆಂಗಳೂರಿನ ರೇಸ್ ಡೈನಾಮಿಕ್ಸ್ ಸಂಸ್ಥೆಯ ಪವರ್‌ಟ್ರಾನಿಕ್ ಈ ವರ್ಗದಲ್ಲಿ ಹೆಸರಾದವು. ಸೈಲೆನ್ಸರ್ ಮತ್ತು ಸಿದ್ಧ ಕೋಷ್ಟಕವನ್ನು ಒಟ್ಟಿಗೆ, ಪರೀಕ್ಷಾ ನಕ್ಷೆಯೊಂದಿಗೆ ನೀಡುವವನ ಸರಕಿಗೂ ಬರಿಯ ಸದ್ದು ಮಾರುವವನ ಸರಕಿಗೂ ಗ್ರಾಹಕನೇ ವ್ಯತ್ಯಾಸ ಕಾಣುತ್ತಾನೆ.

ಗ್ಯಾರೇಜಿಗೆ ಸ್ವಂತ ಡೈನೋ ಬೇಕೇ?

ಕೆಲವು ಗ್ಯಾರೇಜು ಮಾಲೀಕರು ಸ್ವಂತ ಡೈನೋ ಕೊಳ್ಳುವ ಯೋಚನೆಯಲ್ಲಿರುತ್ತಾರೆ. ಯಂತ್ರ, ಕೊಠಡಿ, ದೊಡ್ಡ ಫ್ಯಾನ್, ಹೊಗೆ ಹೊರಹಾಕುವ ವ್ಯವಸ್ಥೆ, ಶಬ್ದನಿರೋಧಕ ಗೋಡೆ ಎಲ್ಲವೂ ಸೇರಿ 25 ಲಕ್ಷ ರೂಪಾಯಿ ಬಂಡವಾಳ ಬೇಕಾಯಿತೆಂದು ಮಾದರಿಗಾಗಿ ಇಟ್ಟುಕೊಂಡರೆ ಮೊದಲ ವರ್ಷದ ಲೆಕ್ಕ ಹೀಗಿರುತ್ತದೆ. ಎಂಟು ವರ್ಷಗಳ ಬಾಳಿಕೆಯಂತೆ ಸವಕಳಿ 3,12,500 ರೂ.; ಶೇ. 10ರಂತೆ ಬಡ್ಡಿ 2,50,000 ರೂ.; ತಂತ್ರಜ್ಞನ ವೇತನ ಮತ್ತು ಬಾಡಿಗೆ 6,00,000 ರೂ.; ವಿದ್ಯುತ್ ಹಾಗೂ ನಿರ್ವಹಣೆ 1,00,000 ರೂ. ಒಟ್ಟು 12,62,500 ರೂ. ಒಂದು ಗಾಡಿಯಿಂದ ನಿವ್ವಳ 6,000 ರೂ. ಉಳಿದರೆ ಲಾಭ-ನಷ್ಟವಿಲ್ಲದೆ ನಡೆಯಲು ವರ್ಷಕ್ಕೆ 211 ಗಾಡಿಗಳು, ಅಂದರೆ ವಾರಕ್ಕೆ ನಾಲ್ಕು ಗಾಡಿಗಳು ತಪ್ಪದೆ ಬರಬೇಕು.

ದೊಡ್ಡ ನಗರದಲ್ಲಿ ಇದು ಸಾಧ್ಯವಾಗಬಹುದು, ಆದರೆ ಚಿಕ್ಕ ಊರುಗಳಲ್ಲಿ ಕಷ್ಟ. ಕೆಲಸ ಸಾಲದೆಂದು ಬೇಡದವರಿಗೂ ಟ್ಯೂನಿಂಗ್ ಮಾರುವ ಪ್ರಲೋಭನೆ ಹುಟ್ಟುವುದು ಇಂತಹ ಸ್ಥಿತಿಯಲ್ಲಿಯೇ. ಹತ್ತಾರು ಚಿಕ್ಕ ತಯಾರಕರು ಒಂದೆಡೆ ಇರುವಲ್ಲಿ ಸಾಮೂಹಿಕ ಪರೀಕ್ಷಾ ವ್ಯವಸ್ಥೆ ಉತ್ತಮ ಮಾರ್ಗ. ಕೇಂದ್ರ ಸರ್ಕಾರದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಅನುದಾನದ ಅವಕಾಶವಿದ್ದು, ಇಂತಹ ಪರೀಕ್ಷಾ ಸೌಲಭ್ಯಗಳಿಗೂ ಆ ದಾರಿಯನ್ನು ಪರಿಶೀಲಿಸಬಹುದು.

ಕಾನೂನಿನ ಎಲ್ಲೆ

ತಾಂತ್ರಿಕವಾಗಿ ಸರಿಯಾದದ್ದೆಲ್ಲವೂ ರಸ್ತೆಯ ಮೇಲೆ ಕಾನೂನುಬದ್ಧವಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕನ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿ ಕಾಯ್ದೆಯು ಸೇರಿಸಿದ 182-ಎ ಕಲಮಿನಂತೆ ಅನುಮತಿಯಿಲ್ಲದೆ ಭಾಗ ಅಳವಡಿಸಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ನಿಯಮ ಮೀರಿ ವಾಹನವನ್ನು ಮಾರ್ಪಡಿಸುವ ವಾಹನ ತಯಾರಕ, ಆಮದುದಾರ ಅಥವಾ ವಾಹನ ವಿತರಕನಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಪ್ರತಿ ವಾಹನಕ್ಕೆ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡಕ್ಕೂ ಅವಕಾಶವಿದೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದಲ್ಲಿ 190ನೆಯ ಕಲಂ ಪ್ರತ್ಯೇಕವಾಗಿ ಅನ್ವಯಿಸುತ್ತದೆ.

2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ನಿಯಮಗಳ ನಂತರದ ಗಾಡಿಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರನ್ನು ಉಳಿಸಿಕೊಳ್ಳುವ ಸೈಲೆನ್ಸರಿಗೂ ಅದನ್ನು ಕಿತ್ತುಹಾಕುವ ಪೂರ್ಣ ಕೊಳವೆ ಜೋಡಣೆಗೂ ಬಹಳ ಅಂತರವಿದೆ. ಎರಡನೆಯದನ್ನು ಡೈನೋ ಮೇಲೆ ಎಷ್ಟೇ ಅಚ್ಚುಕಟ್ಟಾಗಿ ಹೊಂದಿಸಿದರೂ ಅದು ರೇಸ್ ಟ್ರ್ಯಾಕಿಗೆ ಮಾತ್ರ ಯೋಗ್ಯ. ಇ.ಸಿ.ಯು. ಬದಲಾವಣೆಯಿಂದ ಕಂಪನಿಯ ವಾರಂಟಿಗೂ, ತಿಳಿಸದ ಮಾರ್ಪಾಡಿನಿಂದ ವಿಮೆಯ ಪರಿಹಾರಕ್ಕೂ ಧಕ್ಕೆ ಬರಬಹುದೆಂಬುದನ್ನು ಗ್ರಾಹಕನಿಗೆ ಮೊದಲೇ ತಿಳಿಸುವುದು ವರ್ತಕನ ಕರ್ತವ್ಯ.

ಜಾಹೀರಾತಿನ ಮಾತು ಬೇರೆಯೇ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕನ ಮೇಲೆ 10 ಲಕ್ಷ ರೂಪಾಯಿಗಳವರೆಗೆ, ಪುನರಾವರ್ತನೆಯಾದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಶಕ್ತಿ ಹೆಚ್ಚಳದ ಶೇಕಡಾವಾರು ಅಂಕಿಯನ್ನು ಅಚ್ಚು ಹಾಕಿಸುವ ಮೊದಲು ಅದಕ್ಕೆ ಆಧಾರವಾದ ಪರೀಕ್ಷಾ ದಾಖಲೆ ಕಡತದಲ್ಲಿರಬೇಕು.

ಪರೀಕ್ಷೆಯ ಸರಿಯಾದ ಕ್ರಮ

ಡೈನೋ ಪರೀಕ್ಷೆಗೆ ಹಣ ವೆಚ್ಚ ಮಾಡುವ ತಯಾರಕರು ಹಾಗೂ ವರ್ತಕರು ಈ ಕೆಳಗಿನ ಕ್ರಮವನ್ನು ಅನುಸರಿಸಿದರೆ ಫಲಿತಾಂಶ ನಂಬಿಕೆಗೆ ಅರ್ಹವಾಗುತ್ತದೆ.

1. ಮೊದಲು ಮೂಲ ಭಾಗಗಳೊಂದಿಗೆ, ನಂತರ ಹೊಸ ಭಾಗದೊಂದಿಗೆ, ಕೊನೆಗೆ ಪುನಃ ಮೂಲ ಭಾಗಗಳೊಂದಿಗೆ ಅಳೆಯಬೇಕು. ಕೊನೆಯ ಅಳತೆ ಮೊದಲಿನದಕ್ಕೆ ಹೊಂದಿದರೆ ಮಾತ್ರ ನಡುವಿನ ಅಂಕಿಗೆ ಬೆಲೆ.

2. ಪ್ರತಿ ಸ್ಥಿತಿಯಲ್ಲಿಯೂ ಕನಿಷ್ಠ ಮೂರು ಓಟಗಳಿರಬೇಕು. ಅತಿ ಹೆಚ್ಚಿನದನ್ನು ಆರಿಸದೆ ಸರಾಸರಿಯನ್ನು ಪ್ರಕಟಿಸಬೇಕು.

3. ಒಂದೇ ದಿನ, ಒಂದೇ ಡೈನೋ, ಒಂದೇ ಗೇರ್, ಒಂದೇ ಟೈರ್ ಒತ್ತಡ, ಒಂದೇ ಬಂಕಿನ ಪೆಟ್ರೋಲ್ ಇರಬೇಕು. ಎಂಜಿನ್ ಎಣ್ಣೆಯ ಶಾಖವೂ ಸಮನಾಗಿರಬೇಕು.

4. ಹವಾಮಾನ ತಿದ್ದುಪಡಿಯ ಮಾನಕ ಯಾವುದೆಂದು ನಕ್ಷೆಯ ಮೇಲೆ ನಮೂದಾಗಿರಬೇಕು. ತಿದ್ದುಪಡಿಗೆ ಮುನ್ನಿನ ಅಂಕಿಯನ್ನೂ ಕೇಳಿ ಪಡೆಯಬೇಕು.

5. ಮಿಶ್ರಣದ ರೇಖೆಯಿಲ್ಲದ ಬರಿಯ ಶಕ್ತಿಯ ನಕ್ಷೆಯನ್ನು ಸ್ವೀಕರಿಸಬಾರದು. ಮಿಶ್ರಣವನ್ನು ಲ್ಯಾಂಬ್ಡಾ ಲೆಕ್ಕದಲ್ಲಿ ಬರೆಸಿಕೊಂಡರೆ ಎಥನಾಲ್ ಪ್ರಮಾಣದಿಂದ ಉಂಟಾಗುವ ಗೊಂದಲ ತಪ್ಪುತ್ತದೆ.

6. ಗರಿಷ್ಠ ಅಂಕಿಯೊಂದನ್ನೇ ನೋಡದೆ 3,000ರಿಂದ 5,000 ಸುತ್ತುಗಳ ನಡುವೆ ಏನಾಯಿತೆಂದು ನೋಡಬೇಕು. ಮೇಲೆ ಎರಡು ಅಶ್ವಶಕ್ತಿ ಗಳಿಸಿ ನಡುವೆ ಕಳೆದುಕೊಂಡ ಸೈಲೆನ್ಸರ್ ದಿನನಿತ್ಯದ ಸವಾರನಿಗೆ ನಷ್ಟದ ಬಾಬತ್ತೇ.

ಉಪಸಂಹಾರ

ಒಟ್ಟಿನಲ್ಲಿ, ಅಲ್ಪ ಮಾರ್ಪಾಡಿನ ಮೋಟಾರ್ ಸೈಕಲ್‌ಗೆ ಡೈನೋ ಟ್ಯೂನಿಂಗ್ ಲಾಭದಾಯಕವೇ ಎಂಬ ಪ್ರಶ್ನೆಗೆ ಉತ್ತರವು ಹಣ ತೆರುವವರು ಯಾರೆಂಬುದನ್ನು ಅವಲಂಬಿಸಿದೆ. ಒಬ್ಬೊಬ್ಬ ಗ್ರಾಹಕನೂ ಪ್ರತ್ಯೇಕವಾಗಿ ತೆತ್ತರೆ ಅದು ಬಹುಪಾಲು ಸಂದರ್ಭಗಳಲ್ಲಿ ದುಬಾರಿ. ಆತ ಪಡೆಯುವ ಹೆಚ್ಚಿನ ಶಕ್ತಿ ಅಳತೆಯ ದೋಷದೊಳಗೇ ಅಡಗಿಹೋಗುವಷ್ಟು ಅಲ್ಪ. ಭಾಗವನ್ನು ತಯಾರಿಸುವವನು ಒಮ್ಮೆ ತೆತ್ತರೆ ಅದು ಅತ್ಯಂತ ಅಗ್ಗ, ಮತ್ತು ಆ ಒಂದು ಪರೀಕ್ಷೆಯಿಂದ ನೂರಾರು ಎಂಜಿನ್‌ಗಳು ಸುರಕ್ಷಿತವಾಗಿರುತ್ತವೆ. ಇ-20 ಇಂಧನವು ಮಿಶ್ರಣದ ಲೆಕ್ಕವನ್ನು ಈಗಾಗಲೇ ತೆಳುವಿನತ್ತ ಸರಿಸಿರುವಾಗ ಈ ಪರೀಕ್ಷೆಯನ್ನು ಗ್ರಾಹಕನ ತಲೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ವ್ಯಾಪಾರದ ದೂರದೃಷ್ಟಿಯಲ್ಲ. "ಟ್ಯೂನಿಂಗ್ ಬೇಕೇ?" ಎಂದು ಕೇಳುವ ಗ್ರಾಹಕನಿಗೆ "ಬೇಡ, ಅದನ್ನು ಇಲ್ಲಿಯೇ ಪರೀಕ್ಷಿಸಿ ಕೊಟ್ಟಿದ್ದೇವೆ, ದಾಖಲೆ ಇಲ್ಲಿದೆ" ಎಂದು ಹೇಳಬಲ್ಲ ಅಂಗಡಿಗೆ ಆ ಗ್ರಾಹಕನು ಮುಂದಿನ ಬಾರಿಯೂ ಬರುತ್ತಾನೆ.